ಜೈಸಲ್ಮೇರ್‌ನಲ್ಲಿ ‘ಇಕೋ’ ಡೆಸರ್ಟ್ ಕ್ಯಾಂಪ್ ಬುಕ್ ಮಾಡುವ ಮುಂಚೆ ಇದನ್ನು ಓದಿ

ಜೈಸಲ್ಮೇರ್ ಕಡೆ ಪರಿಸರಸ್ನೇಹಿ ಕ್ಯಾಂಪ್ ಹುಡುಕುತ್ತಿದ್ದೀರಾ? ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಮೋಸ ಆಗಿದೆ. ದುಡ್ಡು ಹೋಗಿದ್ದಕ್ಕಿಂತ ಕ್ಯಾಂಪಿನವರು ಕೊಟ್ಟ ಉತ್ತರಗಳಿಗೆ ಹೊಟ್ಟೆ ಜಾಸ್ತಿ ಉರಿಯುತ್ತಿದೆ.

ಮಾತಾಗಿದ್ದು ಇಷ್ಟು. ಪ್ರವಾಸಿಗರು ಮುಗಿಬೀಳುವ ಸಮ್ ಅನ್ನುವ ಜಾಗದ ಮರಳು ದಿಬ್ಬಗಳ ಗದ್ದಲ ಬೇಡ, ಖುರಿ ಅನ್ನುವ ಹಳ್ಳಿಯಾಚೆ ಒಂದು ಸಣ್ಣ ಕ್ಯಾಂಪ್. ಜನರೇಟರ್ ಇಲ್ಲ, ಸೋಲಾರ್ ಮಾತ್ರ. ಡಿಜೆ ಇಲ್ಲ. ಪ್ಲಾಸ್ಟಿಕ್ ಇಲ್ಲ. ದಿಬ್ಬದ ಮೇಲೆ ಜೀಪ್ ಓಡಿಸುವುದಿಲ್ಲ, ನಡಿಗೆ ಇಲ್ಲವೇ ಒಂಟೆ. ಮರುಭೂಮಿಯ ಗಿಡ, ಹಕ್ಕಿ ಗೊತ್ತಿರುವ ಗೈಡ್ ಕೊನೆತನಕ ಜೊತೆಗಿರುತ್ತಾನೆ. ಕೊಟ್ಟ ಹಣದಲ್ಲಿ ಒಂದು ಪಾಲು ಹಳ್ಳಿಗೆ ಹೋಗುತ್ತದೆ. ಇದೆಲ್ಲ ಅವರೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದ್ದು. ಅದಕ್ಕೇ ಮಾಮೂಲಿ ಕ್ಯಾಂಪಿನ ದುಪ್ಪಟ್ಟು ರೇಟು. ಅಡ್ವಾನ್ಸ್ ಸಾಲದು, ಪೂರ್ತಿ ಹಣ ಮೊದಲೇ ಹಾಕಿ ಅಂದರು. ಹಾಕಿದೆವು.

ಜೈಸಲ್ಮೇರ್ ಊರಿಂದ ಹೊರಟ ಜೀಪು ಖುರಿ ರಸ್ತೆ ಹಿಡಿಯಲೇ ಇಲ್ಲ. ಸಮ್, ಖುರಿ ಎರಡೂ ಜೈಸಲ್ಮೇರ್‌ನಿಂದ ಹೆಚ್ಚುಕಮ್ಮಿ 40-50 ಕಿಲೋಮೀಟರ್ ದೂರ, ಆದರೆ ರಸ್ತೆ ಬೇರೆ ಬೇರೆ. ಬೋರ್ಡುಗಳಲ್ಲಿ ಸಮ್ ಅಂತಲೇ ಬರುತ್ತಿದೆ. ಡ್ರೈವರ್‌ನನ್ನು ಕೇಳಿದರೆ ಮ್ಯಾನೇಜರ್‌ಗೆ ಗೊತ್ತು ಅಂದ. ಮ್ಯಾನೇಜರ್‌ಗೆ ಫೋನ್ ಮಾಡಿದೆ. “ಖುರಿ ಕ್ಯಾಂಪ್ ರಿಪೇರಿಯಲ್ಲಿದೆ ಮೇಡಂ. ಇದೂ ಇಕೋನೇ.”

ಇದೂ ಇಕೋನೇ! ಸಾಲಾಗಿ ಟೆಂಟುಗಳು, ನಡುವೆ ಸಿಮೆಂಟಿನ ಸ್ಟೇಜು, ಸುತ್ತ ಫ್ಲಡ್‌ಲೈಟು. ಕತ್ತಲಾಗುತ್ತಿದ್ದಂತೆ ಜನರೇಟರ್ ಶುರುವಾಯಿತು, ಹಿಂದೆಯೇ ಡಿಜೆ. ನನ್ನ ಮಾತು ನಂಬಿ ದೊಡ್ಡಪ್ಪ, ದೊಡ್ಡಮ್ಮ ಅಷ್ಟು ದೂರದ ರೈಲು ಹತ್ತಿದ್ದರು. ನಕ್ಷತ್ರ ನೋಡಬೇಕು ಅನ್ನುವುದು ದೊಡ್ಡಪ್ಪನ ಆಸೆ. ಆ ಲೈಟಿನಲ್ಲಿ ಆಕಾಶವೇ ಕಾಣಿಸಲಿಲ್ಲ. “ಇದನ್ನ ನೋಡೋಕಾ ಇಷ್ಟು ದೂರ ಕರ್ಕೊಂಡು ಬಂದೆ?” ಅಂದರು ದೊಡ್ಡಮ್ಮ. ಎಲ್ಲರ ಮುಂದೆ ಮುಖ ಎತ್ತಲಾಗಲಿಲ್ಲ ನನಗೆ.

ಸೋಲಾರ್ ಎಲ್ಲಿ ಅಂತ ಕೇಳಿದೆ. ಮ್ಯಾನೇಜರ್ ಟೆಂಟ್ ಪಕ್ಕ ಕೈ ತೋರಿಸಿದ. ಪ್ಯಾನೆಲ್ ಇತ್ತು, ನಿಜ. ನನ್ನ ತಮ್ಮ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಅವನು ಬಗ್ಗಿ ನೋಡಿದ. ಪ್ಯಾನೆಲ್‌ನಿಂದ ಹೊರಟ ವೈರು ಮರಳಿನೊಳಗೆ ಒಂದು ಗೇಣು ಹೋಗಿ ಅಲ್ಲೇ ನಿಂತಿತ್ತು. ಎಳೆದರೆ ತುದಿ ಕೈಗೇ ಬಂತು. ಬ್ಯಾಟರಿ ಇಲ್ಲ, ಕನೆಕ್ಷನ್ ಇಲ್ಲ, ಏನೂ ಇಲ್ಲ. ನಮಗೆ ಕಳಿಸಿದ ಫೋಟೋದಲ್ಲಿ ಇದ್ದದ್ದು ಇದೇ ಪ್ಯಾನೆಲ್! ಫೋಟೋಗೆ ಅಂತಲೇ ನಿಲ್ಲಿಸಿದ್ದರು. ಆ ವೈರಿನ ತುದಿ ನೋಡಿದಾಗ ಆದ ಸಿಟ್ಟು ಇನ್ನೂ ಇಳಿದಿಲ್ಲ.

ಮ್ಯಾನೇಜರ್ ಏನಂದ ಗೊತ್ತಾ? “ರಿಪೇರಿಗೆ ಹೇಳಿದೀವಿ ಮೇಡಂ.” ಖುರಿ ಕ್ಯಾಂಪೂ ರಿಪೇರಿ, ಸೋಲಾರೂ ರಿಪೇರಿ. ಡಿಜೆ ಯಾಕೆ ಅಂದರೆ “ಬೇರೆ ಗೆಸ್ಟ್ ಕೇಳ್ತಾರೆ”. ಪ್ಲಾಸ್ಟಿಕ್ ಲೋಟ, ಚಮಚ ಯಾಕೆ ಅಂದರೆ “ಎಲ್ಲ ಕ್ಯಾಂಪಲ್ಲೂ ಇದೇ”. ಅವು 2022ರ ಜುಲೈಯಿಂದ ದೇಶದಲ್ಲೇ ನಿಷೇಧ ಆಗಿವೆ. ಹಾಗಂದಿದ್ದಕ್ಕೆ ಸುಮ್ನೆ ನಕ್ಕ. ಬೆಳಿಗ್ಗೆ ಟೆಂಟ್‌ಗಳ ಹಿಂದೆ ಹೋದರೆ ಒಂದು ಗುಂಡಿ. ಅದರ ತುಂಬ ಬಾಟಲಿ, ಲೋಟ, ಅರ್ಧ ಸುಟ್ಟ ಪ್ಯಾಕೆಟ್. ಗಾಳಿ ಬೀಸಿದಷ್ಟೂ ಮರಳಿನ ಮೇಲೆ ಹರಡುತ್ತಿತ್ತು. ಹಸು ಅದರಲ್ಲೇ ಬಾಯಿ ಹಾಕುತ್ತಿತ್ತು.

ಗೈಡ್ ಅಂತ ಬಂದವನು ಅದೇ ಜೀಪಿನ ಡ್ರೈವರ್. ಪಾಪ, ಅವನಿಗೆ ಕೊಟ್ಟ ಕೆಲಸವೇ ಜೀಪ್ ಓಡಿಸುವುದು. ಬೇಡ ಬೇಡ ಅಂದರೂ ಹುಲ್ಲಿನ ಮೇಲೇ ಗಾಡಿ ಹತ್ತಿಸಿ ದಿಬ್ಬ ತೋರಿಸಿದ. ಅದು ಸೇವಣ ಹುಲ್ಲು. ಅಷ್ಟು ಕಡಿಮೆ ಮಳೆಯ ಜಾಗದಲ್ಲಿ ಮರಳನ್ನು ಹಿಡಿದು ನಿಲ್ಲಿಸುವುದು ಅದರ ಬೇರು, ದನಕರುಗಳಿಗೆ ಮೇವೂ ಅದೇ. ಸುತ್ತಮುತ್ತಲೇ ಡೆಸರ್ಟ್ ನ್ಯಾಷನಲ್ ಪಾರ್ಕ್ ಇದೆ, 3,162 ಚದರ ಕಿಲೋಮೀಟರ್. ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಂದರೆ ನಮ್ಮ ಎರೆಭೂತ ಹಕ್ಕಿ, ಉಳಿದುಕೊಂಡಿರುವ ಕೊನೆಯ ಕೆಲವೇ ಜಾಗಗಳಲ್ಲಿ ಇದೂ ಒಂದು. ಅದು ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿ. ಅಂಥ ಕಡೆ ಜೀಪು, ಡಿಜೆ. ಹೆಸರು ಮಾತ್ರ ಇಕೋ.

ಹಳ್ಳಿಯ ಪಾಲಿನ ಕಥೆಯನ್ನೂ ಕೇಳಿ. ಒಂಟೆ ನಡೆಸುವ ಅಣ್ಣನನ್ನು ವಿಚಾರಿಸಿದೆ. ಆತ ನನ್ನ ಮುಖವನ್ನೇ ನೋಡಿದ. “ಯಾವ ಪಾಲು? ರೌಂಡಿಗೆ ಇಷ್ಟು ಅಂತ ಕೊಡ್ತಾರೆ. ಅದೂ ಸೀಸನ್ ಮುಗಿದ ಮೇಲೆ.” ನಾವು ದುಪ್ಪಟ್ಟು ಕೊಟ್ಟಿದ್ದೇ ಇದಕ್ಕೆ ಅಲ್ವಾ? ಆತನಿಗೆ ಅದರ ಸುದ್ದಿಯೇ ಇಲ್ಲ. ಆತನದ್ದಾಗಲಿ, ಅಡುಗೆಯವರದ್ದಾಗಲಿ ಏನೂ ತಪ್ಪಿಲ್ಲ, ಅದನ್ನು ಹೇಳಲೇಬೇಕು. ಅಲ್ಲಿ ನಮ್ಮನ್ನು ಚೆನ್ನಾಗಿ ನೋಡಿಕೊಂಡವರು ಅವರೇ.

ವಾಪಸ್ ಬಂದು ಹಣ ಕೇಳಿದೆ. ಎಲ್ಲ ಬೇಡ, ಮಾಮೂಲಿ ರೇಟಿಗಿಂತ ಜಾಸ್ತಿ ತೆಗೆದುಕೊಂಡಿದ್ದನ್ನು ಕೊಡಿ ಅಂದೆ. ಬಂದ ಉತ್ತರ: “ಊಟ ಮಾಡಿದ್ರಿ, ಮಲಗಿದ್ರಿ. ಇನ್ನೇನು ರಿಫಂಡ್ ಮೇಡಂ?” ನನಗೆ ಊಟ ಹಾಕಿದ್ದನ್ನು ಎತ್ತಿ ಆಡಿದರು! ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಹೋಗುವವರು ಇಷ್ಟು ಮಾಡಿ. ಪೂರ್ತಿ ಹಣ ಮೊದಲೇ ಕೊಡಬೇಡಿ. ಕ್ಯಾಂಪ್ ಇರುವ ಜಾಗದ ಲೊಕೇಶನ್ ಕಳಿಸಲು ಹೇಳಿ. ಬೇರೆ ಕಡೆ ಕರೆದೊಯ್ದರೆ ಹಣ ವಾಪಸ್ ಅಂತ ಅವರಿಂದಲೇ ಬರೆಸಿಕೊಳ್ಳಿ. ರಾತ್ರಿ ಕರೆಂಟು ಎಲ್ಲಿಂದ, ಕಸ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ತಡವರಿಸಿದರೆ ಬಿಟ್ಟುಬಿಡಿ. ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ನಾನು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಪರಿಸರದ ಹೆಸರಿನಲ್ಲಿ ಸುಳ್ಳು ಜಾಹೀರಾತು ಕೊಡುವುದರ ವಿರುದ್ಧ 2024ರ ಅಕ್ಟೋಬರ್‌ನಲ್ಲಿ ಕೇಂದ್ರದ ಮಾರ್ಗಸೂಚಿಯೇ ಬಂದಿದೆ. ಇಕೋ ಅಂದರೆ ಅದಕ್ಕೆ ಪುರಾವೆ ಇರಬೇಕು. ದೂರು ಹೋದ ಮೇಲೆ ಅದೇ ಮ್ಯಾನೇಜರ್ ತಾನಾಗಿ ಫೋನ್ ಮಾಡಿದ. ನಾನು ಹಾಕಿದ ರಿವ್ಯೂ ತೆಗೆದರೆ ಮುಂದಿನ ಟ್ರಿಪ್‌ಗೆ ಡಿಸ್ಕೌಂಟ್ ಕೊಡುತ್ತಾನಂತೆ. ತೆಗೆಯುವುದಿಲ್ಲ ಅಂದೆ. ಹಣ ಇನ್ನೂ ಬಂದಿಲ್ಲ. ದೂರನ್ನೂ ವಾಪಸ್ ತೆಗೆದುಕೊಂಡಿಲ್ಲ.