ಮನೆಯಲ್ಲೇ ಕಲಿಯುವ ಮಕ್ಕಳಿಗೆ ಎನ್‌ಐಒಎಸ್: ಹತ್ತು, ಹನ್ನೆರಡು ಎರಡೂ ದಾಟಿದ ಮೇಲಿನ ವಿಮರ್ಶೆ

ಮನೆಯಲ್ಲೇ ಓದುವ ಮಕ್ಕಳ ಹತ್ತನೇ ತರಗತಿ, ಹನ್ನೆರಡನೇ ತರಗತಿ ಅಂದ ಕೂಡಲೇ ನಮ್ಮಲ್ಲಿ ಮೊದಲು ಬಾಯಿಗೆ ಬರುವ ಹೆಸರು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಎರಡೂ ಹಂತಗಳನ್ನು ಇದರಲ್ಲೇ ಮುಗಿಸಿ, ಅಂಕಪಟ್ಟಿ ಹಿಡಿದು ಕಾಲೇಜು ಪ್ರವೇಶದವರೆಗೆ ಹೋಗುವವರಿಗೆ ಬೇಕಾಗುವ ವಿವರಗಳನ್ನು ಇಲ್ಲಿ ಬರೆದಿದೆ. ಪರೀಕ್ಷಾ ಮಂಡಳಿಯಾಗಿ ಇದನ್ನು ಧೈರ್ಯವಾಗಿ ನಂಬಬಹುದು. ಆದರೆ ಪಾಠವನ್ನೂ ಇದೇ ನೋಡಿಕೊಳ್ಳುತ್ತದೆ, ಮಗುವಿನ ನಾಲ್ಕು ವರ್ಷದ ಓದಿನ ದಾಖಲೆಯನ್ನೂ ಇದೇ ಇಟ್ಟುಕೊಡುತ್ತದೆ ಎಂದುಕೊಂಡು ಸೇರಿದರೆ ಕೊನೆಯ ವರ್ಷ ಪರದಾಡಬೇಕಾಗುತ್ತದೆ.

1979ರಲ್ಲಿ ಸಿಬಿಎಸ್‌ಇಯ ಒಂದು ಯೋಜನೆಯಾಗಿ ಶುರುವಾದದ್ದು, 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಎಂಬ ಸ್ವಾಯತ್ತ ಸಂಸ್ಥೆಯಾಯಿತು. ಈಗಿನ ಹೆಸರು ಬಂದದ್ದು 2002ರಲ್ಲಿ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿದೆ, ಮುಖ್ಯ ಕಚೇರಿ ನೋಯ್ಡಾದಲ್ಲಿ, ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. ಮಾನ್ಯತೆಯ ವಿಷಯದಲ್ಲಿ ಸಿಬಿಎಸ್‌ಇ, ಐಸಿಎಸ್‌ಇಗಳ ಸಾಲಿನಲ್ಲೇ ನಿಲ್ಲುತ್ತದೆ. "ಓಪನ್ ಸ್ಕೂಲ್ ಸರ್ಟಿಫಿಕೇಟ್ ನಡೆಯುತ್ತಾ?" ಎಂದು ನೆಂಟರು ಕೇಳಿದರೆ ಹೆದರುವ ಅಗತ್ಯವಿಲ್ಲ.

ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು, ಹನ್ನೆರಡಕ್ಕೆ 15. ಹತ್ತಕ್ಕೆ ಎಂಟನೇ ತರಗತಿಯ ದಾಖಲೆ ಇಲ್ಲದಿದ್ದರೂ ಸ್ವಯಂ ಘೋಷಣಾ ಪತ್ರ ನಡೆಯುತ್ತದೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಮಗುವಿಗೆ, ಅಥವಾ ಅಮೆರಿಕದಲ್ಲಿ ಎಂಟನೆಯದು ಓದಿ ಊರಿಗೆ ಮರಳಿದ ಮಗುವಿಗೆ ಇದು ದೊಡ್ಡ ಅನುಕೂಲ. 'ಸ್ಟ್ರೀಮ್ 1' ಎಂಬ ಸಾಮಾನ್ಯ ಪ್ರವೇಶ ವಿಧಾನದಲ್ಲಿ ವರ್ಷಕ್ಕೆ ಎರಡು ಬ್ಲಾಕ್, ಅಂದರೆ ಸೇರುವ ಅವಧಿ: ಬೇಸಿಗೆಯಿಂದ ಜುಲೈವರೆಗೆ ಸೇರಿದವರು ಮುಂದಿನ ಏಪ್ರಿಲ್–ಮೇ ಪರೀಕ್ಷೆ ಬರೆಯುತ್ತಾರೆ, ಸೆಪ್ಟೆಂಬರ್‌ನಿಂದ ಜನವರಿವರೆಗೆ ಸೇರಿದವರು ಅಕ್ಟೋಬರ್–ನವೆಂಬರ್ ಪರೀಕ್ಷೆ. ಕನಿಷ್ಠ ಐದು ವಿಷಯ ಇರಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಬೇಕಿದ್ದರೆ ಇನ್ನೆರಡನ್ನು ಹೆಚ್ಚುವರಿಯಾಗಿ ಸೇರಿಸಬಹುದು. ಹತ್ತರಲ್ಲಿ ಕನ್ನಡದ ಕೋಡ್ 208, ಇಂಗ್ಲಿಷ್ 202, ಗಣಿತ 211, ವಿಜ್ಞಾನ 212. ವಿಷಯ ತುಂಬುವಾಗ ಹೆಸರಿನ ಜತೆಗೆ ಕೋಡನ್ನೂ ಒಮ್ಮೆ ಓದಿ ನೋಡಿ. ಪೇಂಟಿಂಗ್, ಗೃಹ ವಿಜ್ಞಾನ, ಡೇಟಾ ಎಂಟ್ರಿ, ಮನಃಶಾಸ್ತ್ರದಂಥ ವಿಷಯಗಳನ್ನು ವಿಜ್ಞಾನ–ಗಣಿತದ ಪಕ್ಕದಲ್ಲೇ ತೆಗೆದುಕೊಳ್ಳಬಹುದು. ಸಂಗೀತಕ್ಕೋ ಕ್ರೀಡೆಗೋ ದಿನದ ಐದಾರು ಗಂಟೆ ಕೊಡುವ ಮಕ್ಕಳಿಗೆ ಇದರ ಬೆಲೆ ಗೊತ್ತು.

ಅರ್ಜಿಯಲ್ಲಿ ಅತಿ ಹೆಚ್ಚು ಎಡವುವುದು ಹೆಸರಿನಲ್ಲಿ. ನಮ್ಮ ಕಡೆ ಇನಿಷಿಯಲ್ ಹೆಸರಿನ ಮುಂದೆಯೂ ಇರುತ್ತದೆ, ಹಿಂದೆಯೂ ಇರುತ್ತದೆ. ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಹೆಸರು ಮತ್ತು ಒಂದು ಅಕ್ಷರ, ಪಾಸ್‌ಪೋರ್ಟ್‌ನಲ್ಲಿ ಅದೇ ಅಕ್ಷರ ಬಿಡಿಸಿ ಅಪ್ಪನ ಪೂರ್ತಿ ಹೆಸರು. ಎನ್‌ಐಒಎಸ್ ಅರ್ಜಿಗೆ ನಾಲ್ಕನೆಯ ರೂಪ ಬಿದ್ದರೆ ಅದೇ ಅಂಕಪಟ್ಟಿಗೆ ಇಳಿಯುತ್ತದೆ, ಮುಂದೆ ವೀಸಾ ಅರ್ಜಿಯಲ್ಲಿ ತೊಡಕಾಗುತ್ತದೆ. ಅರ್ಜಿ ತುಂಬುವ ಮೊದಲೇ ಆಧಾರ್, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಮೂರನ್ನೂ ಒಂದೇ ರೂಪಕ್ಕೆ ತನ್ನಿ. ಆಮೇಲೆ ಗುರುತಿನ ಚೀಟಿ ಡೌನ್‌ಲೋಡ್ ಮಾಡಿದ ದಿನವೇ ಹೆಸರು, ಅಪ್ಪ–ಅಮ್ಮನ ಹೆಸರು, ಹುಟ್ಟಿದ ದಿನ, ವಿಷಯ, ಮಾಧ್ಯಮ ಇಷ್ಟನ್ನೂ ಬೆರಳಿಟ್ಟು ಓದಿ. ಪರೀಕ್ಷೆಗೆ ಮೊದಲು ತಿದ್ದಿಸುವುದಕ್ಕೂ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದಕ್ಕೂ ಅಜಗಜಾಂತರ.

ಇನ್ನು ಟಿಎಂಎ (ಟ್ಯೂಟರ್ ಮಾರ್ಕ್ಡ್ ಅಸೈನ್‌ಮೆಂಟ್), ಅಂದರೆ ಮನೆಯಲ್ಲೇ ಬರೆದು ಒಪ್ಪಿಸುವ, ಬೋಧಕರು ಅಂಕ ಕೊಡುವ ಬರಹ. ಮನೆಶಾಲೆಯವರು ಹಗುರವಾಗಿ ಕಾಣುವುದು ಇದನ್ನೇ, ಆದರೆ ಥಿಯರಿ ಅಂಕದ ಶೇ. 20 ಇದರ ಮೇಲೆ ನಿಂತಿದೆ. ಹನ್ನೆರಡನೇ ತರಗತಿಯ ಭೌತಶಾಸ್ತ್ರವನ್ನು ತೆಗೆದುಕೊಳ್ಳಿ: ಪ್ರಾಯೋಗಿಕಕ್ಕೆ 20, ಥಿಯರಿಗೆ 80, ಆ ಎಂಬತ್ತರಲ್ಲಿ 16 ಟಿಎಂಎಯದು. ಪ್ರತಿ ವಿಷಯಕ್ಕೆ ಒಂದು ಟಿಎಂಎ, ಅದರಲ್ಲಿ ಆರು ಪ್ರಶ್ನೆ. ಮೊದಲ ಮೂರಕ್ಕೆ ಎರಡೆರಡು ಅಂಕ, ಉತ್ತರ 40ರಿಂದ 60 ಪದ. ನಂತರದ ಎರಡಕ್ಕೆ ನಾಲ್ಕು ನಾಲ್ಕು, 100ರಿಂದ 150 ಪದ. ಕೊನೆಯದು ಆರು ಅಂಕದ ಪ್ರಾಜೆಕ್ಟ್, ಸುಮಾರು 500 ಪದ. ಪ್ರತಿಯೊಂದರಲ್ಲೂ ಎರಡು ಆಯ್ಕೆ ಕೊಟ್ಟಿರುತ್ತಾರೆ, ಒಂದಕ್ಕೆ ಬರೆದರೆ ಸಾಕು. ಎರಡಕ್ಕೂ ಬರೆದು ಸಮಯ ಕಳೆಯಬೇಡಿ. ಗೆರೆಯಿಲ್ಲದ ಎ4 ಹಾಳೆಯಲ್ಲಿ ಕೈಬರಹ, ಮೊದಲ ಹಾಳೆಯ ಮೇಲೆ ಹೆಸರು, ಎನ್‌ರೋಲ್‌ಮೆಂಟ್ ಸಂಖ್ಯೆ, ವಿಷಯ, ಕೋಡ್. ಚಿತ್ರಗಳನ್ನು ತೆಳು ಪೆನ್ಸಿಲ್‌ನಲ್ಲಿ ಬಿಡಿಸಿದರೆ ಸ್ಕ್ಯಾನ್‌ನಲ್ಲಿ ಮಾಯವಾಗುತ್ತವೆ. ಗೆರೆಗಳನ್ನು ಗಾಢವಾಗಿ ಎಳೆಯಿರಿ. ಒಂದು ವಿಷಯದ ಹಾಳೆಗಳೆಲ್ಲ ಒಂದೇ ಪಿಡಿಎಫ್‌ನಲ್ಲಿ ಇರಲಿ. ಅಪ್‌ಲೋಡ್ ಆದ ಮೇಲೆ ಆ ಫೈಲನ್ನೇ ಮತ್ತೆ ತೆರೆದು, ಹಾಳೆ ತಲೆಕೆಳಗಾಗಿಲ್ಲ, ಗಣಿತದ ಜಾಗದಲ್ಲಿ ವಿಜ್ಞಾನ ಹೋಗಿಲ್ಲ ಎಂದು ನೋಡಿಕೊಳ್ಳಿ. ಏಪ್ರಿಲ್ ಪರೀಕ್ಷೆಯವರಿಗೆ ಜನವರಿ ಕೊನೆ, ಅಕ್ಟೋಬರ್‌ನವರಿಗೆ ಜುಲೈ ಕೊನೆ ಎಂದು ಲೆಕ್ಕ ಹಾಕಿಕೊಂಡು ಅದಕ್ಕೂ ಮೂರು ವಾರ ಮೊದಲೇ ಮುಗಿಸುವುದು ಕ್ಷೇಮ. ಕೊನೆಯ ದಿನ ಸೈಟ್ ತೆವಳುತ್ತದೆ.

ಇದಕ್ಕೇ ಅಂಟಿಕೊಂಡ ಇನ್ನೊಂದು ಸಂಗತಿಯಿದೆ. ಈಗ ಪ್ರತಿ ವಿಷಯದ ಪಠ್ಯವನ್ನು 40–60 ಎಂದು ಭಾಗ ಮಾಡಿದ್ದಾರೆ: ಶೇ. 40 ಪಾಠಗಳು ಟಿಎಂಎಗೆ, ಉಳಿದ 60 ಮಾತ್ರ ಸಾರ್ವಜನಿಕ ಪರೀಕ್ಷೆಗೆ. ಯಾವ ಪಾಠ ಯಾವ ಕಡೆ ಎಂಬ ಪಟ್ಟಿ ವಿಷಯವಾರು ಸಿಗುತ್ತದೆ. ಅದನ್ನು ಮುದ್ರಿಸಿ ಪುಸ್ತಕದ ಒಳಹಾಳೆಗೆ ಅಂಟಿಸಿಡಿ. ಪಾಸಾಗುವುದಷ್ಟೇ ಗುರಿಯಾದವರಿಗೆ ಇದು ಹೊರೆ ಇಳಿಸಿದ ಹಾಗೆ. ಜೆಇಇ, ನೀಟ್, ಸಿಇಟಿ ಬರೆಯುವ ಮಗುವಿಗೆ ಇದೇ ಬಲೆ. ಟಿಎಂಎ ಪಾಲಿನ ಪಾಠಗಳನ್ನು ಮಗು ಪುಸ್ತಕ ನೋಡಿ ಬರೆದು ಮರೆಯುತ್ತದೆ, ಪ್ರವೇಶ ಪರೀಕ್ಷೆಯಲ್ಲಿ ಅವೇ ಎದುರಾಗುತ್ತವೆ. ವಿಜ್ಞಾನದವರು ಆ 40–60 ವಿಂಗಡಣೆಯನ್ನು ಪಕ್ಕಕ್ಕಿಟ್ಟು ಎನ್‌ಸಿಇಆರ್‌ಟಿ ಪುಸ್ತಕವನ್ನು ಪೂರ್ತಿ ಓದಿಸಲೇಬೇಕು.

ಪ್ರವೇಶ ಶುಲ್ಕ ಕಟ್ಟಿದರೆ ಪರೀಕ್ಷೆಗೂ ನೋಂದಣಿಯಾಯಿತು ಎಂದು ತಿಳಿಯಬೇಡಿ. ಪರೀಕ್ಷೆಗೆ ಬೇರೆ ನೋಂದಣಿ, ಬೇರೆ ಶುಲ್ಕ, ಅದೂ ತಿಂಗಳುಗಟ್ಟಲೆ ಮೊದಲು. ಪ್ರಾಯೋಗಿಕಕ್ಕೆ ಮತ್ತೆ ಬೇರೆ. ಪ್ರಾಯೋಗಿಕ ಪರೀಕ್ಷೆ ಥಿಯರಿಗಿಂತ ಮುಂಚೆ ನಡೆಯುತ್ತದೆ. ಥಿಯರಿಯ ವೇಳಾಪಟ್ಟಿಯನ್ನಷ್ಟೇ ಗೋಡೆಗೆ ಅಂಟಿಸಿಕೊಂಡವರು ಅದನ್ನು ತಪ್ಪಿಸಿಕೊಳ್ಳುತ್ತಾರೆ. ಥಿಯರಿಯಲ್ಲೂ ಪ್ರಾಯೋಗಿಕದಲ್ಲೂ ಬೇರೆ ಬೇರೆಯಾಗಿ ಶೇ. 33 ಬೇಕಾದ್ದರಿಂದ ಒಂದರಲ್ಲಿ ಎಷ್ಟೇ ಬಂದರೂ ಇನ್ನೊಂದನ್ನು ಅದು ಎತ್ತುವುದಿಲ್ಲ. ಅಂಕಪಟ್ಟಿಯಲ್ಲಿ ಎಸ್‌ವೈಸಿಟಿ ಎಂದಿದ್ದರೆ ಥಿಯರಿ ಬಾಕಿ, ಎಸ್‌ವೈಸಿಪಿ ಎಂದಿದ್ದರೆ ಪ್ರಾಯೋಗಿಕ ಬಾಕಿ ಎಂದು ಅರ್ಥ. ಬಾಕಿ ಇರುವ ಭಾಗವನ್ನಷ್ಟೇ ಮತ್ತೆ ಬರೆದರಾಯಿತು.

ಮನೆಯಲ್ಲಿ ಓದಿದ ಮಕ್ಕಳಿಗೆ ಪ್ರಯೋಗಾಲಯವೇ ನಿಜವಾದ ಕೊರತೆ. ಟೈಟ್ರೇಷನ್ ಮಾಡುವಾಗ ಬ್ಯುರೆಟ್‌ನ ತಿರುಪು ತಿರುಗಿಸಿ ದ್ರಾವಣವನ್ನು ಹನಿ ಹನಿಯಾಗಿ ಬಿಡುವುದು ಕೈಗೆ ಕೂರಬೇಕಾದರೆ ಹತ್ತು ಬಾರಿಯಾದರೂ ಮಾಡಿರಬೇಕು. ವಿಡಿಯೊ ನೋಡಿ ಬರುವುದಲ್ಲ ಅದು. ಅಧ್ಯಯನ ಕೇಂದ್ರ ಆರಿಸುವಾಗ ಮನೆಗೆ ಹತ್ತಿರ ಎಂಬುದಕ್ಕಿಂತ ಅಲ್ಲಿ ಪ್ರಯೋಗಾಲಯ ತೆರೆಯುತ್ತಾರಾ, ವಾರಾಂತ್ಯದ ಸಂಪರ್ಕ ತರಗತಿಗಳು ನಿಜಕ್ಕೂ ನಡೆಯುತ್ತವಾ ಎಂದು ಹೋಗಿ ವಿಚಾರಿಸಿ. ಕೇಂದ್ರದಿಂದ ಕೇಂದ್ರಕ್ಕೆ ಬಹಳ ವ್ಯತ್ಯಾಸವಿದೆ. ಹೆಚ್ಚುವರಿ ದುಡ್ಡು ಕೇಳಿದರೆ ರಸೀದಿ ಕೇಳಿ. ಅಧಿಕೃತ ಶುಲ್ಕಗಳೆಲ್ಲ ಆನ್‌ಲೈನ್‌ನಲ್ಲೇ ಸಂಸ್ಥೆಗೆ ನೇರವಾಗಿ ಹೋಗುತ್ತವೆ. ಪಠ್ಯಪುಸ್ತಕಗಳ ಪಿಡಿಎಫ್ ಉಚಿತ, ಕೇಂದ್ರ ಸರ್ಕಾರದ 'ಸ್ವಯಂ' (SWAYAM) ತಾಣದಲ್ಲಿ ವಿಡಿಯೊ ಪಾಠಗಳೂ ಇವೆ. ಖರ್ಚಿನ ಮಾತು ಇಷ್ಟು ಸಾಕು, ಖಾಸಗಿ ಶಾಲೆಯ ಶುಲ್ಕದ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ.

ಈ ವ್ಯವಸ್ಥೆಯ ಅತ್ಯುತ್ತಮ ಗುಣ ಕಾಲಾವಕಾಶ. ಒಮ್ಮೆ ಸೇರಿದರೆ ಐದು ವರ್ಷ, ಒಂಬತ್ತು ಅವಕಾಶ. ಎರಡು ವಿಷಯ ಈಗ, ಮೂರು ಮುಂದಿನ ಸಲ ಎಂದು ಬರೆದು ಕೂಡಿಸಿಕೊಳ್ಳಬಹುದು. ಬೇರೆ ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಂಕಗಳನ್ನು ವರ್ಗಾಯಿಸಿಕೊಳ್ಳಲು ಟಿಒಸಿ ಸೌಲಭ್ಯವಿದೆ. ದಿನ ಗೊತ್ತುಮಾಡಿಕೊಂಡು ಬರೆಯುವ ಆನ್ ಡಿಮ್ಯಾಂಡ್ ಪರೀಕ್ಷೆಯೂ ಇದೆ. ಹಾಗೆಂದು ಹತ್ತು ಮುಗಿದ ಮರುವರ್ಷವೇ ಹನ್ನೆರಡರ ಪ್ರಮಾಣಪತ್ರ ಕೈಗೆ ಬರುವುದಿಲ್ಲ. ನಡುವೆ ಎರಡು ವರ್ಷದ ಅಂತರ ಇರಲೇಬೇಕು. ವಿಷಯಗಳನ್ನು ವರ್ಷಗಳ ಮೇಲೆ ಹಂಚುವವರು ಜೆಇಇ ಅಡ್ವಾನ್ಸ್‌ಡ್‌ನ ನಿಯಮವನ್ನೂ ಓದಿಕೊಳ್ಳಬೇಕು. ಹನ್ನೆರಡನೆಯದನ್ನು ಮೊದಲ ಬಾರಿ ಬರೆದ ವರ್ಷವನ್ನು ಅವರು ಲೆಕ್ಕ ಹಿಡಿಯುತ್ತಾರೆ. ಜೆಇಇ ಮೇನ್‌ಗೆ ಎನ್‌ಐಒಎಸ್‌ನಲ್ಲಿ ಕನಿಷ್ಠ ಐದು ವಿಷಯ ಇರಬೇಕು. ನೀಟ್‌ನಿಂದ ಮುಕ್ತ ಶಾಲೆಯವರನ್ನು ಹೊರಗಿಡುವ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲೇ ತೆಗೆದುಹಾಕಿದೆ.

ಕರ್ನಾಟಕದವರಿಗೆ ದೊಡ್ಡ ಪೆಟ್ಟು ಬೀಳುವ ಜಾಗ ಬೇರೆಯೇ ಇದೆ. ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಹೆಚ್ಚಿನವರು ಅರ್ಹರಾಗುವುದು ಏಳು ವರ್ಷದ ನಿಯಮದಡಿ: ಒಂದರಿಂದ ಹನ್ನೆರಡರೊಳಗೆ ಕನಿಷ್ಠ ಏಳು ವರ್ಷ ರಾಜ್ಯದ ಮಾನ್ಯತೆ ಪಡೆದ ಶಾಲೆಗಳಲ್ಲಿ ಓದಿರಬೇಕು, ಅದಕ್ಕೆ ಬಿಇಒ ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಮನೆಯಲ್ಲಿ ಓದಿದ ವರ್ಷಕ್ಕೆ ಈ ಪತ್ರವನ್ನು ಯಾರು ಕೊಡಬೇಕು? ಏಳನೆಯದರವರೆಗೆ ಶಾಲೆಗೆ ಹೋಗಿ ಆಮೇಲೆ ಬಿಟ್ಟವರು ಈ ಲೆಕ್ಕದಲ್ಲಿ ಬಚಾವ್. ನಾಲ್ಕಕ್ಕೇ ಬಿಟ್ಟವರಿಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ಮಗುವನ್ನು ಶಾಲೆಯಿಂದ ಬಿಡಿಸುವ ದಿನವೇ ಈ ಲೆಕ್ಕ ಹಾಕಿ. ಬಿಡಿಸುವಾಗ ಟಿಸಿ ಒಂದನ್ನೇ ತಂದು ಸುಮ್ಮನಾಗಬೇಡಿ, ವರ್ಷವಾರು ವ್ಯಾಸಂಗ ಪ್ರಮಾಣಪತ್ರವನ್ನೂ ಬರೆಸಿಕೊಂಡು ಬನ್ನಿ. ಹತ್ತು ವರ್ಷ ಕಳೆದ ಮೇಲೆ ಆ ಶಾಲೆ ಅಲ್ಲೇ ಇರುತ್ತದೆ ಎಂಬ ಖಾತರಿಯಿಲ್ಲ.

ಈಗ ಟ್ರಾನ್ಸ್‌ಕ್ರಿಪ್ಟ್, ಅಂದರೆ ವರ್ಷವಾರು ಓದಿನ ದಾಖಲೆ. ಎನ್‌ಐಒಎಸ್ ಕೊಡುವುದು ಅಂಕಪಟ್ಟಿ, ಪ್ರಮಾಣಪತ್ರ, ಮೈಗ್ರೇಷನ್ ಮತ್ತು ವರ್ಗಾವಣೆ ಎರಡೂ ಸೇರಿದ ಒಂದು ಪತ್ರ. ಅಂಕಪಟ್ಟಿ ಡಿಜಿಲಾಕರ್‌ನಲ್ಲೂ ಸಿಗುತ್ತದೆ. ಭಾರತದ ಕಾಲೇಜುಗಳಿಗೆ ಇಷ್ಟೇ ಸಾಕು. ಅಮೆರಿಕದ ವಿಶ್ವವಿದ್ಯಾಲಯಗಳು ಕೇಳುವುದು ಒಂಬತ್ತರಿಂದ ಹನ್ನೆರಡರವರೆಗಿನ ವರ್ಷವಾರು ದಾಖಲೆ. ಒಂಬತ್ತು, ಹನ್ನೊಂದರ ಬಗ್ಗೆ ಎನ್‌ಐಒಎಸ್ ಬಳಿ ಒಂದು ಸಾಲೂ ಇಲ್ಲ. ಹಾಗಾಗಿ ಅದನ್ನು ತಯಾರಿಸುವುದು ತಂದೆ–ತಾಯಿಯ ಕೆಲಸ. ಅಲ್ಲಿನ ಹಲವು ವಿಶ್ವವಿದ್ಯಾಲಯಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್ ತಾಣದಲ್ಲಿ ಮನೆಶಾಲೆಯ ಮಕ್ಕಳಿಗೆ ಕೌನ್ಸೆಲರ್‌ನ ಭಾಗವನ್ನು ಪೋಷಕರೇ ತುಂಬಬಹುದು, ಟ್ರಾನ್ಸ್‌ಕ್ರಿಪ್ಟನ್ನೂ ಅಲ್ಲೇ ಸೇರಿಸಬಹುದು.

ಟ್ರಾನ್ಸ್‌ಕ್ರಿಪ್ಟ್ ಒಂದೇ ಎ4 ಪುಟದಲ್ಲಿ ಮುಗಿಯಬೇಕು. ಮೇಲೆ ಮಗುವಿನ ಪೂರ್ತಿ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆ, ಹುಟ್ಟಿದ ದಿನ, ವಿಳಾಸ, ಎನ್‌ಐಒಎಸ್ ಎನ್‌ರೋಲ್‌ಮೆಂಟ್ ಸಂಖ್ಯೆ. ಕೆಳಗೆ ನಾಲ್ಕು ಭಾಗ, ವರ್ಷಕ್ಕೊಂದು. ಪ್ರತಿ ಸಾಲಿನಲ್ಲಿ ವಿಷಯ, ಕ್ರೆಡಿಟ್, ಗ್ರೇಡ್, ಎಲ್ಲಿ ಕಲಿತದ್ದು: ಮನೆಯಲ್ಲೋ, ಎನ್‌ಐಒಎಸ್‌ನಲ್ಲೋ, ಸ್ವಯಂನಲ್ಲೋ, ಅಮೆರಿಕದ ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್) ಪರೀಕ್ಷೆಯೋ. ಅಮೆರಿಕದ ರೂಢಿಯಂತೆ ಸುಮಾರು 120 ಗಂಟೆಯ ಓದು ಒಂದು ಕ್ರೆಡಿಟ್. ವಾರಕ್ಕೆ ನಾಲ್ಕು ಗಂಟೆಯಂತೆ ಮೂವತ್ತು ವಾರ ಎಂದುಕೊಳ್ಳಿ. ಗಂಟೆಗಳನ್ನು ಕೊನೆಗೆ ನೆನಪಿನಿಂದ ಬರೆಯಲು ಕೂತರೆ ಸುಳ್ಳು ಲೆಕ್ಕವಾಗುತ್ತದೆ. ಒಂಬತ್ತನೆಯ ವರ್ಷದ ಮೊದಲ ವಾರದಿಂದಲೇ ಒಂದು ಗೆರೆ ಪುಸ್ತಕದಲ್ಲಿ ದಿನಾಂಕ, ವಿಷಯ, ಪಾಠ, ಗಂಟೆ ಬರೆಯುತ್ತ ಹೋಗಿ, ಭಾನುವಾರ ಹತ್ತು ನಿಮಿಷ ಸಾಕು. ವೀಣೆ ಕಲಿಕೆ, ತೋಟದ ಕೆಲಸದ ಜೀವಶಾಸ್ತ್ರ, ಕನ್ನಡ ಸಾಹಿತ್ಯದ ಓದು ಎಲ್ಲವೂ ಕ್ರೆಡಿಟ್ ಆಗಬಲ್ಲವು, ಗಂಟೆಯ ಲೆಕ್ಕವೂ ಕೆಲಸದ ಮಾದರಿಯೂ ಇದ್ದರೆ.

ಗ್ರೇಡಿನಲ್ಲಿ ಮಾಡುವ ದೊಡ್ಡ ತಪ್ಪೆಂದರೆ ಎನ್‌ಐಒಎಸ್ ಶೇಕಡಾವಾರನ್ನು ಪೋಷಕರೇ ಅಮೆರಿಕದ ಜಿಪಿಎಯ ನಾಲ್ಕರ ಸ್ಕೇಲಿಗೆ ಇಳಿಸುವುದು. 78 ಬಂದಿದ್ದರೆ 78 ಎಂದೇ ಬರೆಯಿರಿ, ಅಂಕಪಟ್ಟಿಯ ಪ್ರತಿಯನ್ನು ಜತೆಗಿಡಿ. ಪರಿವರ್ತನೆ ಮಾಡಿಕೊಳ್ಳುವುದು ವಿಶ್ವವಿದ್ಯಾಲಯದವರ ಕೆಲಸ. ಮನೆಯಲ್ಲಿ ಕೊಟ್ಟ ಗ್ರೇಡುಗಳಿಗೆ ಮಾತ್ರ ಯಾವ ಅಳತೆಗೋಲು ಬಳಸಿದ್ದೀರಿ ಎಂದು ಪುಟದ ಅಡಿಯಲ್ಲಿ ಒಂದು ಸಾಲು ಬರೆಯಿರಿ. ಮನೆಯ ಗ್ರೇಡೆಲ್ಲ ಎ, ಮಂಡಳಿಯ ಅಂಕವೆಲ್ಲ ಅರವತ್ತು ಎಂದಿದ್ದರೆ ಓದುವವರ ಕಣ್ಣು ಮೊದಲು ಬೀಳುವುದೇ ಅಲ್ಲಿ. ಟ್ರಾನ್ಸ್‌ಕ್ರಿಪ್ಟ್ ಜತೆ ಪ್ರತಿ ವಿಷಯಕ್ಕೆ ಐದಾರು ಸಾಲಿನ ವಿವರಣೆ ಇರಲಿ: ಯಾವ ಪುಸ್ತಕ, ಯಾವ ಪಾಠಗಳು, ಹೇಗೆ ಪರೀಕ್ಷಿಸಿದ್ದು. ಸಹಿ, ದಿನಾಂಕ ಹಾಕಿ ಪಿಡಿಎಫ್ ಮಾಡಿ. ವರ್ಷ ಮುಗಿದಂತೆ ಆಯಾ ವರ್ಷದ ಭಾಗವನ್ನು ಅಂತಿಮಗೊಳಿಸಿ ಎರಡು ಕಡೆ ಉಳಿಸಿಟ್ಟುಕೊಳ್ಳಿ.

ವೇಳಾಪಟ್ಟಿ ಹಿಡಿದು ತಾವೇ ಓಡಾಡಲು ಆಗದ ಮನೆಗಳಿಗೆ, ಗುಂಪಿನಲ್ಲಿ ಕೂತರಷ್ಟೇ ಓದುವ ಮಕ್ಕಳಿಗೆ ಇದು ಹೊಂದುವುದಿಲ್ಲ. ಅವರಿಗೆ ಪಿಯು ಕಾಲೇಜೇ ವಾಸಿ; ಎನ್‌ಐಒಎಸ್‌ನ ಹತ್ತು ಮುಗಿಸಿ ಪಿಯುಗೆ ಸೇರುವವರು ಅರ್ಹತಾ ಪತ್ರ ಬೇಕೇ ಎಂದು ಆ ಕಾಲೇಜಿನ ಕಚೇರಿಯಲ್ಲಿ ಫಲಿತಾಂಶಕ್ಕೆ ಮೊದಲೇ ಕೇಳಿಟ್ಟುಕೊಳ್ಳಿ.