ಅಪ್ಪನ ಯೆಜ್ಡಿ ರೋಡ್‌ಕಿಂಗ್: ರಿಪೇರಿ ಆದಮೇಲೆ ಹೇಗಿದೆ?

ಮನೆಯಲ್ಲಿ ಹಳೇ ಯೆಜ್ಡಿ ಬೈಕ್ ಇದೆ, ಸರಿ ಮಾಡಿಸೋದಾ ಗುಜರಿಗೆ ಹಾಕೋದಾ ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಸರಿ ಮಾಡಿಸಿ. ಆದರೆ ದುಡ್ಡನ್ನು ಪೇಂಟಿಗೆ, ಕ್ರೋಮಿಗೆ ಸುರಿಯಬೇಡಿ. ಎಂಜಿನ್, ವೈರಿಂಗ್, ಬ್ರೇಕ್ ಮೊದಲು. ಮಿಂಚೋದು ಆಮೇಲೆ.

ನಮ್ಮದು ಅಪ್ಪ ಕೊಂಡ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ, 250 ಸಿಸಿ, ಟೂ ಸ್ಟ್ರೋಕ್. ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಾಗಂತ ಪಾರ್ಟ್ಸ್ ಸಿಗಲ್ಲ ಅನ್ನೋದು ಸುಳ್ಳು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದರೆ ಕೇಬಲ್, ಕ್ಲಚ್ ಪ್ಲೇಟ್, ಪಿಸ್ಟನ್ ಸಿಗುತ್ತವೆ. ಗುಣಮಟ್ಟ ಮಾತ್ರ ಅದೃಷ್ಟ. ಹಳೇ ಒರಿಜಿನಲ್ ಪಾರ್ಟ್ ಸವೆದಿಲ್ಲ ಅಂದ್ರೆ ಅದನ್ನೇ ಉಳಿಸಿಕೊಳ್ಳಿ.

ಸವೆದ ಸಿಲಿಂಡರ್‌ನ ಒಳಗೋಡೆ ಕೊರೆಸಿ (ಬೋರ್ ಮಾಡಿಸಿ) ಪಿಸ್ಟನ್ ಬದಲಿಸಿದಾಗಲೇ ಕ್ರ್ಯಾಂಕ್ ಬೇರಿಂಗ್, ಆಯಿಲ್ ಸೀಲ್ ಕೂಡ ಹೊಸದು ಹಾಕಿಸಿದೆವು. ಈ ಸೀಲ್ ಹೋದರೆ ಎಂಜಿನ್ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಐಡ್ಲಿಂಗ್ ಒಂದೇ ಸಮ ಇರೋದಿಲ್ಲ. ಜನ ಸುಮ್ನೆ ಕಾರ್ಬುರೇಟರ್ ಬಿಚ್ಚುತ್ತಾ ಕೂರುತ್ತಾರೆ. ಎಂಜಿನ್ ಕೆಲಸಕ್ಕಿಂತ ಜಾಸ್ತಿ ಸತಾಯಿಸಿದವನು ಪೇಂಟರ್. ಟ್ಯಾಂಕ್ ತಿಂಗಳುಗಟ್ಟಲೆ ಇಟ್ಟುಕೊಂಡು ಬೇರೆ ಶೇಡ್ ಹೊಡೆದುಕೊಟ್ಟ. ಅಮ್ಮ ನೋಡಿದ ಕೂಡಲೇ, "ಇದು ನಮ್ ಗಾಡಿ ಬಣ್ಣ ಅಲ್ಲ ಕಣೋ" ಅಂದರು. ಹಾಗೇ ಬಿಟ್ಟಿದ್ದೇವೆ.

ಓಡಿಸೋಕೆ ಹೇಗಿದೆ? ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ ಭಲೇ ಖುಷಿ. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲೆತ್ತಿದರೆ ಕಿಕ್ಕರ್ ಆಗುತ್ತದೆ. ಹೊಸಬರಿಗೆ ಕೊಟ್ಟು ನೋಡಿ, ಮಜಾ ಇರುತ್ತೆ. ಎರಡು ಸೈಲೆನ್ಸರ್‌ನ ಆ ಸದ್ದಿಗೆ ಸಿಗ್ನಲ್‌ನಲ್ಲಿ ವಯಸ್ಸಾದವರು ತಿರುಗಿ ನೋಡುತ್ತಾರೆ. ಸಂಜೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಮಾತ್ರ ಬೇಡ. ಗಾಳಿಯಿಂದ ತಣ್ಣಗಾಗುವ ಎಂಜಿನ್, ನಿಂತಲ್ಲೇ ಬಿಸಿಯಾಗುತ್ತದೆ. ಇರೋದು ಡ್ರಮ್ ಬ್ರೇಕ್, ಮುಂದಿನ ಗಾಡಿ ಡಿಸ್ಕ್ ಬ್ರೇಕ್ ಹಿಡಿದರೆ ನಿಮಗೆ ಜಾಗ ಸಾಲದು. ದಿನಾ ಆಫೀಸಿಗೆ ಹೋಗೋಕೆ ಯೆಜ್ಡಿಯೇ ಬೇಕಿದ್ದರೆ 2022ರಲ್ಲಿ ಮತ್ತೆ ಬಂದ ಹೊಸ ಫೋರ್ ಸ್ಟ್ರೋಕ್ ಯೆಜ್ಡಿ ನೋಡಿ.

ಪೆಟ್ರೋಲಿಗೆ ಲೀಟರಿಗೆ 30ರಿಂದ 40 ಎಂಎಲ್ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್‌ನ ಆಯಿಲ್) ಬೆರೆಸಬೇಕು. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ತೇವ ಹೀರಿಕೊಳ್ಳುತ್ತದೆ, ಹಳೇ ರಬ್ಬರ್ ಪೈಪಿಗೂ ಒಳ್ಳೆಯದಲ್ಲ. ವಾರಗಟ್ಟಲೆ ನಿಲ್ಲಿಸೋದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬುರೇಟರ್ ಖಾಲಿಯಾಗುವವರೆಗೆ ಎಂಜಿನ್ ಓಡಿಸಿ. ಅಪ್ಪ ಈಗ ಓಡಿಸಲ್ಲ. ಒಳಗೆ ಕೂತೇ ಸದ್ದು ಕೇಳಿ "ಪಾಯಿಂಟ್ ಗ್ಯಾಪ್ ನೋಡೋ" ಅಂತಾರೆ, ಅಂದ್ರೆ ಪ್ಲಗ್ಗಿನ ಕಿಡಿ ನಿಯಂತ್ರಿಸುವ ಕಾಂಟ್ಯಾಕ್ಟ್ ಪಾಯಿಂಟ್‌ಗಳ ನಡುವಿನ ಸಂದು. ಹೆಚ್ಚಿನ ಸಲ ಅದೇ ಆಗಿರುತ್ತೆ.

ಇನ್ನು ಕಾಗದಪತ್ರ. 15 ವರ್ಷ ಆದಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು, ಗ್ರೀನ್ ಟ್ಯಾಕ್ಸ್ ಬೇರೆ. ಎಮಿಷನ್ ಟೆಸ್ಟ್ ಆರು ತಿಂಗಳಿಗೊಮ್ಮೆ. ಆರ್‌ಸಿ ತೀರಿಕೊಂಡವರ ಹೆಸರಲ್ಲೇ ಇದ್ದರೆ ಮೊದಲು ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಿ. ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ಬಿಡೋದು ಅದಾದ ಮೇಲೆ.