ಕರ್ಬಲ್ ಸ್ಪೇಸ್ ಪ್ರೋಗ್ರಾಂ: ಸಮುದ್ರತಳದ ನೌಕೆ ಕಟ್ಟುವವರಿಗೆ ಹೇಗಿದೆ?

ಕರ್ಬಲ್ ಸ್ಪೇಸ್ ಪ್ರೋಗ್ರಾಂ ಆಟವನ್ನು ನಾನು 2016ರಿಂದ ಆಡುತ್ತಿದ್ದೇನೆ. ರಾಕೆಟ್ ಕಟ್ಟಿ ಕಕ್ಷೆಗೆ ಏರಿಸುವ ಆಟವೆಂದೇ ಇದು ಹೆಸರಾಗಿದ್ದರೂ, ಕಳೆದ ನಾಲ್ಕು ವರ್ಷಗಳಲ್ಲಿ ನನ್ನ ಹೆಚ್ಚಿನ ಸಮಯ ಹೋಗಿರುವುದು ಅದರ ಸಮುದ್ರಗಳ ತಳ ಮುಟ್ಟಿ ಮರಳಿ ಬರಬಲ್ಲ ನೌಕೆಗಳನ್ನು ಕಟ್ಟುವುದರಲ್ಲಿ. ಈ ವಿಮರ್ಶೆ ಆ ಒಂದು ಬಳಕೆಗೆ ಮಾತ್ರ ಸೀಮಿತ.

ಮೂಲ ಆಟದಲ್ಲಿ ಜಲಾಂತರ್ಗಾಮಿಗೆಂದೇ ಮಾಡಿದ ಬಿಡಿಭಾಗ ಒಂದೂ ಇಲ್ಲ. ಆದರೆ 2015ರ ನವೆಂಬರಿನಲ್ಲಿ ಬಂದ 1.0.5 ಆವೃತ್ತಿಯಲ್ಲಿ ತೇಲುವಿಕೆಯ ಲೆಕ್ಕವನ್ನು ಹೊಸದಾಗಿ ರೂಪಿಸಿದ್ದರಿಂದ, ಒಂದು ಭಾಗ ತೇಲುವುದೋ ಮುಳುಗುವುದೋ ಎಂಬುದು ಅದರ ಗಾತ್ರ ಮತ್ತು ತೂಕದಿಂದ ನಿರ್ಧಾರವಾಗುತ್ತದೆ. ಹೊಸಬರಿಗೆ ಮೊದಲು ಎದುರಾಗುವ ತೊಡಕೂ ಇದೇ. ಬಾಹ್ಯಾಕಾಶಕ್ಕೆಂದು ಹಗುರವಾಗಿ ಮಾಡಿದ ಭಾಗಗಳು ನೀರಿನಲ್ಲಿ ಬೆಂಡಿನಂತೆ ತೇಲುತ್ತವೆಯೇ ಹೊರತು ಮುಳುಗುವುದಿಲ್ಲ. ಅವನ್ನು ಮುಳುಗಿಸಲು ನೆರವಾಗುವುದು ಅದಿರಿನ ಟ್ಯಾಂಕ್. ದೊಡ್ಡ ಟ್ಯಾಂಕ್ ಖಾಲಿಯಿದ್ದಾಗ 2 ಟನ್ ತೂಗುತ್ತದೆ, 1500 ಘಟಕ ಅದಿರು ತುಂಬಿದಾಗ 17 ಟನ್. ಅದೇ ಗಾತ್ರ, ಎಂಟು ಪಟ್ಟಿಗೂ ಮಿಕ್ಕ ತೂಕ. ಕಟ್ಟುವ ಕೊಠಡಿಯಲ್ಲಿ ಟ್ಯಾಂಕಿನ ಮೇಲೆ ಮೌಸಿನ ಬಲ ಗುಂಡಿ ಒತ್ತಿ, ಅದಿರಿನ ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ, ನೌಕೆ ತೇಲದೆಯೂ ಮುಳುಗದೆಯೂ ನಿಲ್ಲುವ ತೂಕವನ್ನು ಹುಡುಕುವ ಕೆಲಸದಲ್ಲಿ ನಾನು ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ಅವುಗಳಲ್ಲಿ ಒಂದೂ ವ್ಯರ್ಥವೆನಿಸಿಲ್ಲ.

ನನ್ನ ಮೊದಲ ನೌಕೆಯಲ್ಲಿ ಮುಂದೊಂದು, ಹಿಂದೊಂದು ದೊಡ್ಡ ಟ್ಯಾಂಕ್ ಇದ್ದವು. ಅದು ತಳ ಮುಟ್ಟಿತು. ಮೇಲೆ ಬರಲೆಂದು ಮುಂದಿನ ಟ್ಯಾಂಕಿನ ಅದಿರನ್ನು ಹೊರಚೆಲ್ಲಿದಾಗ ಹದಿನೈದು ಟನ್ ಒಂದೇ ಕ್ಷಣದಲ್ಲಿ ಇಲ್ಲವಾಗಿ, ಮೂತಿ ನೆಟ್ಟಗೆ ಮೇಲೆದ್ದು, ನೌಕೆ ವೇಗ ಹೆಚ್ಚಿಸಿಕೊಳ್ಳುತ್ತ ನೀರಿನಿಂದ ಹೊರಗೆ ಚಿಮ್ಮಿತು; ಮರಳಿ ಬಿದ್ದಾಗ ಚಾಲಕರ ಕೋಣೆ ಒಡೆಯಿತು. ಹೊರಚೆಲ್ಲುವ ಆಜ್ಞೆ ಟ್ಯಾಂಕಿನಲ್ಲಿರುವುದನ್ನೆಲ್ಲ ಒಟ್ಟಿಗೇ ಚೆಲ್ಲುತ್ತದೆ ಎಂಬುದನ್ನು ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ. ಅಂದಿನಿಂದ ಮೊದಲು ಏರುವ ವ್ಯವಸ್ಥೆಯನ್ನು ಕಟ್ಟಿ, ಆಮೇಲೆ ಇಳಿಯುವ ವ್ಯವಸ್ಥೆಗೆ ಕೈಹಾಕುತ್ತೇನೆ. ಈಗ ನನ್ನ ನೌಕೆಗಳ ಪಕ್ಕೆಗೆ 75 ಘಟಕ ಹಿಡಿಸುವ ಪುಟ್ಟ ಟ್ಯಾಂಕ್‌ಗಳನ್ನು ಜೋಡಿ ಜೋಡಿಯಾಗಿ ಅಂಟಿಸುತ್ತೇನೆ. ಒಂದೊಂದು ಟ್ಯಾಂಕ್ ಚೆಲ್ಲುವುದು ಮುಕ್ಕಾಲು ಟನ್ ಮಾತ್ರ. ಪ್ರತಿ ಜೋಡಿಯನ್ನೂ ಬೇರೆ ಬೇರೆ ಅಂಕಿಯ ಕೀಲಿಗೆ ಕಟ್ಟಿಟ್ಟರೆ ಮೆಟ್ಟಿಲು ಹತ್ತಿದಂತೆ ನಿಧಾನವಾಗಿ ಏರಬಹುದು.

ಇದು ಆಟಕ್ಕಷ್ಟೇ ಸೀಮಿತವಾದ ಉಪಾಯವಲ್ಲ. 1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಅವರನ್ನು ಮರಿಯಾನಾ ಕಂದಕದ ತಳಕ್ಕೆ ಒಯ್ದ ಟ್ರಿಯೆಸ್ಟ್ ನೌಕೆ ತೇಲುವುದಕ್ಕೆ ಪೆಟ್ರೋಲನ್ನೂ, ಮುಳುಗುವುದಕ್ಕೆ ಕಬ್ಬಿಣದ ಗುಂಡುಗಳನ್ನೂ ನೆಚ್ಚಿತ್ತು. ಆ ಗುಂಡುಗಳನ್ನು ವಿದ್ಯುತ್ಕಾಂತಗಳು ಹಿಡಿದಿಟ್ಟಿದ್ದವು. ವಿದ್ಯುತ್ ಕೈಕೊಟ್ಟರೂ ಗುಂಡುಗಳು ತಾವಾಗಿ ಉದುರಿ ನೌಕೆ ಮೇಲೇಳುತ್ತಿತ್ತು. ಆ ವಿನ್ಯಾಸದ ವಿವೇಕ ನನಗೆ ಪೂರ್ತಿ ಅರ್ಥವಾದದ್ದು ಒಡೆದ ಆ ಕೋಣೆಯನ್ನು ನೋಡಿದ ಮೇಲೆ.

ನೀರಿನೊಳಗೆ ಜೆಟ್ ಎಂಜಿನ್ ಓಡುವುದಿಲ್ಲ. ರಾಕೆಟ್ ಎಂಜಿನ್ ಉರಿಯುತ್ತದೆಯಾದರೂ ಆಳ ಹೆಚ್ಚಿದಂತೆ ಸುತ್ತಲಿನ ಒತ್ತಡ ಅದರ ನೂಕುಬಲವನ್ನು ತಿಂದುಹಾಕುತ್ತದೆ. ಆದ್ದರಿಂದ 2019ರ ಬ್ರೇಕಿಂಗ್ ಗ್ರೌಂಡ್ ವಿಸ್ತರಣೆಯ ಜೊತೆ ಸಿಗುವ ವಿದ್ಯುತ್ ರೋಟರ್ ಮತ್ತು ಪ್ರೊಪೆಲ್ಲರ್ ಅಲಗುಗಳನ್ನು ಕೊಳ್ಳುವುದು ಈ ಕೆಲಸಕ್ಕೆ ಹೆಚ್ಚುಕಡಿಮೆ ಅನಿವಾರ್ಯ. ಬೇರೆ ಕಾರಣಕ್ಕೆ ಅದನ್ನು ಕೊಳ್ಳಿರೆಂದು ನಾನು ಹೇಳಲಾರೆ. ಈ ಕಾರಣಕ್ಕೆ ಖಂಡಿತ ಹೇಳುತ್ತೇನೆ.

ಒತ್ತಡದ ವಿಷಯದಲ್ಲಿ ಆಟ ತೀರ ಸಡಿಲ. ಬಿಡಿಭಾಗಗಳ ಒತ್ತಡ ಮಿತಿ ಎಂಬ ಆಯ್ಕೆ ಮೊದಲಿಗೆ ಮುಚ್ಚಿರುತ್ತದೆ, ಅದನ್ನು ತೆರೆಯದಿದ್ದರೆ ಯಾವ ಆಳದಲ್ಲೂ ಏನೂ ನಜ್ಜುಗುಜ್ಜಾಗುವುದಿಲ್ಲ. ತೆರೆದರೆ ಆಟ ಶುರುವಾಗುವ ತವರು ಗ್ರಹವಾದ ಕರ್ಬಿನ್‌ನಲ್ಲಿ ಸುಮಾರು 400 ಮೀಟರ್ ಆಳದಲ್ಲಿ ಭಾಗಗಳು ಒಡೆಯತೊಡಗುತ್ತವೆ. ಕೋಣೆಯ ಆಕಾರ ಹೇಗಿದ್ದರೂ ಮಿತಿ ಬದಲಾಗುವುದಿಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸುತ್ತಿರುವ ಆಳಸಮುದ್ರದ ನೌಕೆ ಮತ್ಸ್ಯ 6000ರಲ್ಲಿ ಮೂವರು ಕೂರುವ ಜಾಗ 2.1 ಮೀಟರ್ ವ್ಯಾಸದ ಟೈಟಾನಿಯಂ ಗೋಳವೇ ಆಗಿರಬೇಕಾದದ್ದು ಏಕೆ ಎಂಬ ಪ್ರಶ್ನೆಗೆ ಈ ಆಟದಲ್ಲಿ ಉತ್ತರವಿಲ್ಲ. ಎಲ್ಲ ದಿಕ್ಕಿನಿಂದ ಒತ್ತುವ ನೀರಿನ ಭಾರವನ್ನು ಸಮನಾಗಿ ಹಂಚಿಕೊಳ್ಳುವ ಗೋಳದ ಗುಣವೇ ಇಲ್ಲಿ ಲೆಕ್ಕಕ್ಕಿಲ್ಲ. ಇದನ್ನು ನಾನು ನಿಜವಾದ ಕೊರತೆಯೆಂದೇ ಎಣಿಸುತ್ತೇನೆ.

ಈ ಬಳಕೆಯ ನಿಜವಾದ ಸೊಗಸು ಕಾಣುವುದು ಜೂಲ್ ಗ್ರಹದ ಸಾಗರಮಯ ಉಪಗ್ರಹ ಲೇಥ್‌ನಲ್ಲಿ. ಮುಳುಗಿಸಲು ಬೇಕಾದ ಹದಿನೈದು ಟನ್ ಭಾರವನ್ನು ಅಷ್ಟು ದೂರ ಹೊತ್ತೊಯ್ಯುವುದು ಮೂರ್ಖತನ. ಅದಕ್ಕೆ ನಾನು ನೌಕೆಯನ್ನು ಖಾಲಿ ಟ್ಯಾಂಕ್‌ಗಳೊಂದಿಗೆ ಒಂದು ದ್ವೀಪದಲ್ಲಿ ಇಳಿಸಿ, ಅಲ್ಲಿಯೇ ಡ್ರಿಲ್‌ನಿಂದ ಅದಿರು ತೆಗೆದು ತುಂಬಿಸಿ, ಚಕ್ರಗಳ ಮೇಲೆ ಉರುಳಿಸುತ್ತ ನೀರಿಗೆ ಒಯ್ದೆ. ಅಲ್ಲಿ ಗುರುತ್ವ ಕರ್ಬಿನ್‌ನ 0.8ರಷ್ಟೇ ಇರುವುದರಿಂದ ಇಳಿತ ನಿಧಾನ. ತೂಕವೂ ತೇಲುವ ಬಲವೂ ಒಂದೇ ಪ್ರಮಾಣದಲ್ಲಿ ತಗ್ಗುವುದರಿಂದ ಸಮತೋಲ ಮಾತ್ರ ಕೆಡುವುದಿಲ್ಲ. ತೆಗೆದ ಅದಿರಿನಲ್ಲೇ ಒಂದು ಪಾಲನ್ನು ಇಂಧನವಾಗಿ ಪರಿವರ್ತಿಸಿ ಮರಳಿ ಹೊರಡುವ ರಾಕೆಟ್ಟಿಗೆ ತುಂಬಿಸಿದೆ.

ತಳ ಮುಟ್ಟಿದವರಿಗೆ ಆಟ ಕೊಡುವುದು ಬಹಳ ಕಡಿಮೆ. ಮೀನಿಲ್ಲ, ಸಸ್ಯವಿಲ್ಲ, ನೆಲದ ಮುಂದುವರಿಕೆಯಂತಿರುವ ಬರಿದಾದ ಹರಹು. ವಿಜ್ಞಾನದ ಅಂಕಗಳೂ ನೀರಿನ ಮೇಲೆ ತೇಲುತ್ತ ಪಡೆಯುವಷ್ಟೇ. ಸಿಬ್ಬಂದಿಯನ್ನು ಹೊರಗೆ ಕಳಿಸಿದರೆ ಅವರು ತಳದಲ್ಲಿ ಕಾಲೂರುವ ಬದಲು ಮೇಲ್ಮೈಯತ್ತ ತೇಲಿಹೋಗುತ್ತಾರೆ. ಕಟ್ಟುವ ಕೊಠಡಿಯಲ್ಲಿ ತೂಕ, ನೂಕು ಮತ್ತು ಎತ್ತುಬಲಗಳ ಕೇಂದ್ರಗಳನ್ನು ತೋರಿಸುತ್ತಾರಾದರೂ ತೇಲುವ ಬಲದ ಕೇಂದ್ರವನ್ನು ತೋರಿಸುವುದಿಲ್ಲ. ಅದನ್ನು ನೀರಿಗಿಳಿಸಿಯೇ ಕಂಡುಕೊಳ್ಳಬೇಕು.

ಕೊಳ್ಳುವ ಮನಸ್ಸಿರುವವರು ಮೂಲ ಆಟದಿಂದಲೇ ತೊಡಗಬಹುದು. ಉಡಾವಣಾ ಕೇಂದ್ರದ ರನ್‌ವೇ ಪೂರ್ವಕ್ಕೆ ಮುಗಿಯುವಲ್ಲಿ ಸಮುದ್ರ ಹತ್ತಿರದಲ್ಲಿದೆ. ಒಂದು ಕೋಣೆ, ನಾಲ್ಕು ಚಕ್ರ, ಎರಡು ಜೋಡಿ ಪುಟ್ಟ ಟ್ಯಾಂಕ್‌ಗಳಿದ್ದರೆ ಮೊದಲ ಪರೀಕ್ಷೆಗೆ ಸಾಕು. ನೀರಿಗಿಳಿಯುವ ಮುನ್ನ ಎಫ್5 ಒತ್ತಿ ಆಟವನ್ನು ಉಳಿಸಿಕೊಳ್ಳಿ.